ದೊಡ್ಡ ಡಾಕ್ಟರ ಕೈಗುಣ

ನಾನು ಮಾಡುವ ಕೆಲಸ ಏನೆಂದು ನಮ್ಮ ಮನೆಯವರಿಗೆ ಇಂದಿಗೂ ವಿವರಿಸಲಾಗಿಲ್ಲ. ಅಮ್ಮ ನೆಂಟರಿಗೆಲ್ಲ "ನಮ್ ದೊಡ್ಡೋಳು ಆಸ್ಪತ್ರೇಲಿ ಹುಳ ಸಾಕ್ತಾಳೆ" ಎಂದು ಹೇಳಿ ಮುಗಿಸುತ್ತಾಳೆ. ಪೂರ್ತಿ ಸುಳ್ಳೂ ಅಲ್ಲ. ರೋಗಿಗಳ ರಕ್ತ ನನ್ನ ಲ್ಯಾಬಿಗೆ ಬರುತ್ತದೆ. ಅದನ್ನು ಒಂದು ಬಗೆಯ ಸಾರು ತುಂಬಿದ ಬಾಟಲಿಗೆ ಹಾಕಿ ಬೆಚ್ಚಗಿಡುತ್ತೇವೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆಯುತ್ತದೆ. ಬೆಳೆದದ್ದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಿ ವಾರ್ಡಿಗೆ ತಿಳಿಸುತ್ತೇವೆ. ಇದರ ಜೊತೆಗೆ ಇನ್ನೊಂದು ಹೊಣೆಯೂ ನನ್ನ ತಲೆಯ ಮೇಲಿದೆ. ಒಂದೇ ಜಾತಿಯ ಸೋಂಕು ಒಬ್ಬರ ಹಿಂದೆ ಒಬ್ಬರಿಗೆ ಬರತೊಡಗಿದರೆ, ಅದು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹೋಯಿತು ಎಂದು ಪತ್ತೆ ಹಚ್ಚಬೇಕು. ಒಂಥರಾ ಪೊಲೀಸ್ ಕೆಲಸ. ಲಾಠಿ ಇಲ್ಲ, ಟೋಪಿ ಇಲ್ಲ, ಯಾರೂ ಹೆದರುವುದೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಜನ ಮಾಸ್ಕುಗಳನ್ನು ಬಿಸಾಕಿ ನಿರಾಳವಾಗಿ ಸೀನತೊಡಗಿದ್ದ ಕಾಲದಲ್ಲಿ, ಚೆನ್ನೈಯ ನಮ್ಮ ಆಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ ಇಂಥದ್ದೊಂದು ಶುರುವಾಯಿತು. ದಿನ ತುಂಬದೆ ಹುಟ್ಟಿದ ಪುಟ್ಟ ಪುಟ್ಟ ಮಕ್ಕಳು. ಒಂದು ದಿನ ಚೆನ್ನಾಗಿರುವುವು, ಮರುದಿನ ಹಾಲು ಒಲ್ಲೆನ್ನುವುವು, ಮೈ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿ ಮಲಗಿಬಿಡುವುವು. ರಕ್ತ ತೆಗೆದು ಬೆಳೆಸಿದರೆ ಪ್ರತಿ ಸಲವೂ ಅದೇ ಬ್ಯಾಕ್ಟೀರಿಯಾ. ತಟ್ಟೆಯ ಮೇಲೆ ಗುಲಾಬಿ ಬಣ್ಣದಲ್ಲಿ ಲೋಳೆಲೋಳೆಯಾಗಿ, ಮದುವೆ ಮನೆಯ ಹಲ್ವದ ಹಾಗೆ ಹೊಳೆಯುತ್ತಿತ್ತು. ಮಾಮೂಲಿ ಔಷಧಿಗಳಿಗೆಲ್ಲ ಕ್ಯಾರೇ ಅನ್ನುತ್ತಿರಲಿಲ್ಲ. ಒಂದೇ ಒಂದು ಔಷಧಿಗೆ ಬಗ್ಗುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ ಒಂದು ಮಗು ತೀರಿಕೊಂಡಿತು. ಅಂಗೈ ಅಗಲದ ಮಗು. ಅದರ ರಿಪೋರ್ಟಿಗೆ ಸಹಿ ಹಾಕಿ ನಾನು ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಅತ್ತಿದ್ದೇನೆ.

ಅದೇ ವಾರ ನನ್ನ ತಂಗಿಗೆ ಹೆರಿಗೆ ನೋವು ಕಾಣಿಸಿಕೊಂಡಿತು, ತಿಂಗಳುಗಟ್ಟಲೆ ಮೊದಲೇ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ತಾಂಬರಂನಿಂದ ಅವಳ ಗಂಡ ಕಾರಿನಲ್ಲಿ ಹಾಕಿಕೊಂಡು ಸೀದಾ ನಮ್ಮ ಆಸ್ಪತ್ರೆಗೆ ತಂದುಬಿಟ್ಟ. "ಬೇರೆಲ್ಲಿಗಾದ್ರೂ ಯಾಕ್ ಹೋಗ್ಲಿ ಅಕ್ಕ, ನೀನಿದ್ದೀಯಲ್ಲ ಇಲ್ಲಿ" ಅಂದಳು ಸ್ಟ್ರೆಚರ್ ಮೇಲೆ ಮಲಗಿಕೊಂಡೇ. ಆ ಹೊತ್ತಿಗೆ ಬೇರೆ ಕಡೆ ಕಳಿಸುವ ಹಾಗಿರಲಿಲ್ಲ. ಹೆಣ್ಣು ಮಗು ಹುಟ್ಟಿ, ಉಸಿರಾಟದ ಯಂತ್ರಕ್ಕೆ ಸಿಕ್ಕಿಸಿಕೊಂಡು, ಯಾವ ಘಟಕದಲ್ಲಿ ನಾನು ಕಳ್ಳನನ್ನು ಹುಡುಕುತ್ತಿದ್ದೆನೋ ಅದೇ ಘಟಕದ ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತು. ಯಂತ್ರ ಬಿಡಿಸಿ, ಈ ಊರಿನ ಟ್ರಾಫಿಕ್ಕಿನಲ್ಲಿ ಇನ್ನೊಂದು ಆಸ್ಪತ್ರೆಗೆ ಸಾಗಿಸುವುದು ಇನ್ನೂ ಅಪಾಯ ಎಂದರು ಮಕ್ಕಳ ಡಾಕ್ಟರುಗಳು. ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ: ಸೋಂಕು ನಮ್ಮ ಮಗುವಿನ ಪೆಟ್ಟಿಗೆಗೆ ಬರುವುದರೊಳಗೆ ಅದರ ಮೂಲ ಹಿಡಿಯಬೇಕು.

ಆಡಳಿತದವರು ಸಭೆ ಕರೆದರು. ನಮ್ಮ ಆಡಳಿತಾಧಿಕಾರಿ ಮೊದಲು ಹೋಟೆಲು ನಡೆಸಿದವರು. ರೋಗಿಗಳನ್ನು "ಗೆಸ್ಟ್" ಎನ್ನುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ನಾನು ನಲ್ಲಿ, ಸಿಂಕು, ಒರೆಸುವ ಬಟ್ಟೆ, ಡ್ರಿಪ್ಪಿನ ಬಾಟಲಿ ಎಲ್ಲದರ ಸ್ಯಾಂಪಲ್ಲು ತೆಗೆದು ಏನೂ ಸಿಕ್ಕಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವರು ತಮ್ಮ ಕ್ರಮ ಘೋಷಿಸಿದರು. ದೃಷ್ಟಿಯಾಗಿದೆ, ಬೂದುಗುಂಬಳಕಾಯಿ ಒಡೆಸಬೇಕು! ಮರುದಿನ ಪೋರ್ಟಿಕೋದಲ್ಲಿ ಕುಂಕುಮ ತುಂಬಿದ ಭಾರೀ ಕುಂಬಳಕಾಯಿ ಒಡೆಯಿತು. ಅದರ ತಿರುಳಿನ ಮೇಲೆ ಕಾಲಿಟ್ಟು ನಮ್ಮ ಮೂಳೆ ಡಾಕ್ಟರೇ ಜಾರಿಬಿದ್ದು ತಮ್ಮ ವಾರ್ಡಿನಲ್ಲೇ ಅಡ್ಮಿಟ್ ಆದರು. ಸೋಂಕು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಕತ್ತೆಯ ಸರದಿ ಬಂತು. ನಮ್ಮ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ಕತ್ತೆ ಹೊಡೆದುಕೊಂಡು ಬರುತ್ತಾಳೆ. ಹುಟ್ಟಿದ ಮಗುವಿಗೆ ಕತ್ತೆ ಹಾಲು ಒಂದು ಪಾಲಾಡೆ ಕುಡಿಸಿದರೆ ಗಂಟಲು ಚೆನ್ನಾಗಿ ಬಿಡುತ್ತದೆ ಎಂಬ ನಂಬಿಕೆ ಇಲ್ಲಿಯೂ ಇದೆ, ನಮ್ಮ ತುಮಕೂರು ಕಡೆಯೂ ಇದೆ. ಅಲ್ಲಿ ಪಾಲಾಡೆಗೆ ಒಳಲೆ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಯಂತ್ರಕ್ಕೆ ಸಿಕ್ಕಿಸಿದ ಮಗುವಿಗೆ ಯಾರೂ ಕತ್ತೆ ಹಾಲು ಕುಡಿಸಲಾಗುವುದಿಲ್ಲ ಎಂದು ಎಷ್ಟು ಬಡಿದುಕೊಂಡರೂ ಆಡಳಿತಾಧಿಕಾರಿ ಕೇಳಲಿಲ್ಲ. ಹೊರಗಿನ ಕತ್ತೆಯ ಮೇಲೆ ತಪ್ಪು ಬಿದ್ದರೆ ಅವರಿಗೂ ಅನುಕೂಲ. ನಾನು ಗ್ಲೌಸು ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿ ಹಿಡಿದು, ಬೀದಿಯಲ್ಲಿ ಕತ್ತೆಯ ಹಿಂದೆ ಬಗ್ಗಿದೆ. ಇಷ್ಟು ಓದಿ ನಾನು ಬಂದು ನಿಂತ ಜಾಗ ನೋಡಿ! ಕತ್ತೆ ಒಂದು ಕಾಲು ಎತ್ತಿತು. ಅದರ ಒಡತಿ ತಮಿಳಿನಲ್ಲಿ, ನನ್ನ ಕತ್ತೆಗೆ ಏನಾದರೂ ರೋಗ ಅಂತ ಹೆಸರು ಹಾಕಿದರೆ ನಿನ್ನ ಆಸ್ಪತ್ರೆ ಮುಂದೆಯೇ ಕಟ್ಟಿಹಾಕಿ ಹೋಗುತ್ತೇನೆ ಎಂದಳು. ಪುಣ್ಯಕ್ಕೆ ಕತ್ತೆಯಲ್ಲಿ ನಮ್ಮ ಗುಲಾಬಿ ಲೋಳೆ ಇರಲಿಲ್ಲ.

ಮೂರನೆಯ ಸಂಶಯ ನನ್ನ ತಾಯಿಯ ಮೇಲೆ. ಅಮ್ಮ ವೆಸ್ಟ್ ಮಾಂಬಲಂನಿಂದ ದಿನಾ ಬೆಳಿಗ್ಗೆ ತಂಗಿಗೆ ತಿಂಡಿ ಕಟ್ಟಿಕೊಂಡು ಬರುವಳು. ಹಣೆಯ ತುಂಬ ವಿಭೂತಿ, ಸೆರಗಿನ ಗಂಟಿನಲ್ಲಿ ಇನ್ನೊಂದು ಗಟ್ಟಿ. ಘಟಕದೊಳಗೆ ಮಗುವಿನ ಮನೆಯ ಹಿರಿಯರೊಬ್ಬರನ್ನು ದಿನಕ್ಕೊಂದು ಸಲ ಗೌನು ತೊಡಿಸಿ ಬಿಡುತ್ತಿದ್ದರು. ಅಮ್ಮ ಮಗುವಿನ ಪೆಟ್ಟಿಗೆಯ ಮೇಲೆ ಮೂರು ಬೆರಳಿನ ಪಟ್ಟೆ ಎಳೆದುಬಿಟ್ಟಿದ್ದಳು. ಹೆಡ್ ನರ್ಸ್ ನನ್ನನ್ನು ಕರೆದು ತೋರಿಸಿದಾಗ ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಅಮ್ಮ ಬರುವ ಮೊದಲೇ ಸೋಂಕು ಶುರುವಾಗಿತ್ತು ನಿಜ, ಆದರೂ ನಮ್ಮ ಮನೆಯವರೆಂದು ಬಿಡುವ ಹಾಗಿರಲಿಲ್ಲ. ಆಕೆ ನಾಗರ್‌ಕೋಯಿಲ್ ಕಡೆಯವರು. ಇಡೀ ಆಸ್ಪತ್ರೆ ಅವರಿಗೆ ಹೆದರುತ್ತಿತ್ತು.

"ಕೊಡು ಇಲ್ಲಿ ಆ ವಿಭೂತಿ, ಪರೀಕ್ಷೆ ಮಾಡ್ಬೇಕು" ಎಂದೆ ಅಮ್ಮನಿಗೆ.

"ವಿಭೂತೀಲಿ ಹುಳ ಹುಡುಕ್ತೀಯೇನೇ? ಶಿವ ಶಿವಾ! ನಿಮ್ಮಪ್ಪ ಇದ್ದಿದ್ರೆ ನಿನ್ನ ಮನೆಯಿಂದ ಆಚೆಗ್ ಹಾಕ್ತಿದ್ರು."

"ಅಪ್ಪ ಇನ್ಶೂರೆನ್ಸ್ ಆಫೀಸಲ್ಲಿ ಇದ್ದೋರು. ರಿಸ್ಕ್ ಅಂದ್ರೆ ಏನು ಅಂತ ಅವರಿಗೆ ಗೊತ್ತಿತ್ತು, ಕೊಡಮ್ಮ."

ವಿಭೂತಿಯಲ್ಲಿ ಏನೂ ಬೆಳೆಯಲಿಲ್ಲ. ಆ ಸುದ್ದಿ ಸಂಜೆಯೊಳಗೆ ನಮ್ಮ ಫ್ಲ್ಯಾಟುಗಳ ಮೂರೂ ಮಹಡಿ ತಲುಪಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಪಾಸಾದ ವಿಭೂತಿ ಎಂದು ಎದುರುಮನೆ ಮಾಮಿ ಕೂಡ ಒಂದು ಚೂರು ಇಸ್ಕೊಂಡು ಹೋದರಂತೆ.

ಇಷ್ಟೆಲ್ಲ ಆದರೂ ಕಳ್ಳ ಸಿಗಲಿಲ್ಲ. ಇನ್ನೊಂದು ಮಗು ಮಂಕಾಯಿತು. ನನಗೆ ಊಟ ಸೇರುತ್ತಿರಲಿಲ್ಲ. ಲ್ಯಾಬಿನಿಂದ ಘಟಕಕ್ಕೆ ಹೋದಾಗಲೆಲ್ಲ ಮೊದಲು ಕಣ್ಣು ಹೋಗುವುದು ಕಿಟಕಿ ಪಕ್ಕದ ಪೆಟ್ಟಿಗೆಗೆ. ಮಗು ಕೈಕಾಲು ಆಡಿಸುತ್ತಿದ್ದರೆ ಉಸಿರು ಬಿಡುತ್ತಿದ್ದೆ. ವಸ್ತುಗಳಲ್ಲಿ ಹುಡುಕಿ ಸಾಕಾಗಿ, ಕಾಯಿಲೆ ಬಿದ್ದ ಮಕ್ಕಳ ಮನೆಯವರನ್ನೂ ಚೆನ್ನಾಗಿರುವ ಮಕ್ಕಳ ಮನೆಯವರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆಗಳನ್ನು ಕೇಳತೊಡಗಿದೆ. ಇವರಿಗೆ ಆದದ್ದು, ಅವರಿಗೆ ಆಗದೇ ಇದ್ದದ್ದು ಏನಾದರೂ ಇದೆಯೇ? ಈ ವಿದ್ಯೆಯ ಮೂಲ ಇಷ್ಟೇ. ಹೇಳಲು ಸುಲಭ, ಕೇಳುವುದು ಕಷ್ಟ. ಒಬ್ಬರು ಹೆರಿಗೆಯ ಕಥೆ ಬಿಟ್ಟು ಸೊಸೆಯ ಕಥೆ ಹೇಳುವರು. ಇನ್ನೊಬ್ಬರು ನನ್ನನ್ನೇ ಯಾವ ಊರು, ಎಷ್ಟು ಮಕ್ಕಳು, ಮದುವೆ ಯಾಕೆ ಆಗಲಿಲ್ಲ ಎಂದು ವಿಚಾರಣೆ ಮಾಡುವರು.

ಸುಳಿವು ಸಿಕ್ಕಿದ್ದು ಮಗುವನ್ನು ಕಳೆದುಕೊಂಡ ತಂದೆಯಿಂದ. ಆತ ಉಳಿದ ಸಾಮಾನು ಒಯ್ಯಲು ಬಂದಿದ್ದ. ನಾನು ಕೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ತಾನಾಗಿಯೇ, "ನಾವು ಏನೂ ಬಾಕಿ ಇಡಲಿಲ್ಲ ಮೇಡಂ. ದೊಡ್ಡ ಡಾಕ್ಟರ ಕಾಲು ಹಿಡಿದು ಅವರ ಕೈಯಲ್ಲಿ ಮುಟ್ಟಿಸಿದ್ದೆವು ಕೂಡ" ಎಂದ ತಮಿಳಿನಲ್ಲಿ. ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಕಾಯಿಲೆ ಬಿದ್ದ ಎಲ್ಲ ಮಕ್ಕಳ ಮನೆಯವರೂ ಇದೇ ಮಾತನ್ನು ಹೇಳಿದ್ದರು. ನಾನು ಅದನ್ನು ಮಾತಿನ ನಡುವಿನ ಮಾತೆಂದು ಬಿಟ್ಟುಬಿಟ್ಟಿದ್ದೆ.

ದೊಡ್ಡ ಡಾಕ್ಟರೆಂದರೆ ನಮ್ಮ ಆಸ್ಪತ್ರೆಯ ಅತ್ಯಂತ ಹಿರಿಯ ಮಕ್ಕಳ ವೈದ್ಯರು. ಚಿಕಿತ್ಸೆಯೆಲ್ಲ ಕಿರಿಯರದ್ದು, ಇವರು ಬೆಳಿಗ್ಗೆ ಒಂದು ಸುತ್ತು ಬಂದು ಹೋಗುವರು. ಆದರೆ ಅವರಿಗೆ 'ಕೈರಾಸಿ' ಇದೆ ಎಂದು ಅರ್ಧ ಊರು ನಂಬಿತ್ತು. ನಾವು ಕೈಗುಣ ಅನ್ನುತ್ತೇವಲ್ಲ, ಅದೇ. ಅವರ ಕೈ ತಾಗಿದ ಮಗು ಬದುಕುತ್ತದೆ. ಮಗುವಿನ ಸ್ಥಿತಿ ಸ್ವಲ್ಪ ಏರುಪೇರಾದರೆ ಅಜ್ಜಿಯರು ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟುವರು: "ಡಾಕ್ಟರ್ ಸಾರ್, ಒರು ತಡವೈ ತೊಟ್ಟುಡುಂಗ." ಒಂದು ಸಲ ಮುಟ್ಟಿಬಿಡಿ. ಗ್ಲೌಸು ಹಾಕಿಕೊಂಡರೆ ಲೆಕ್ಕಕ್ಕಿಲ್ಲ, ಕೈ ಮಗುವಿಗೆ ತಾಗಬೇಕು. ಮುಟ್ಟುವ ಮೊದಲು ಸ್ಪಿರಿಟ್ಟು ಉಜ್ಜಿಕೊಳ್ಳುವುದೂ ಬೇಡ, ರಾಸಿ ತೊಳೆದುಹೋಗುತ್ತದೆ ಎಂದು ಯಾವಳೋ ಒಬ್ಬಳು ಅಜ್ಜಿ ಎಂದೋ ಹೇಳಿದ್ದಳಂತೆ. ಮೊದಲು ನಕ್ಕಿದ್ದ ಡಾಕ್ಟರು ಆಮೇಲೆ, ಪಾಪ, ಅವರ ಸಮಾಧಾನಕ್ಕೆ ಎಂದು ಹಾಗೇ ಮಾಡತೊಡಗಿದರು. ಪೆಟ್ಟಿಗೆಯ ಕಿಂಡಿಯಲ್ಲಿ ಬರಿಗೈ ಹಾಕಿ, ನೆತ್ತಿ ಸವರಿ, ಹಾಗೇ ಮಗುವಿನ ಕೈಯಲ್ಲಿ ಡ್ರಿಪ್ಪಿನ ಸೂಜಿ ಇರುವ ಜಾಗವನ್ನು ಒಂದಿಷ್ಟು ಸರಿಪಡಿಸಿ, "ಎಲ್ಲಾಂ ಸರಿಯಾಹಿಡುಂ", ಎಲ್ಲ ಸರಿಹೋಗುತ್ತದೆ, ಎನ್ನುವರು. ಹೆಡ್ ನರ್ಸ್ ನಮ್ಮೆಲ್ಲರ ಕೈಯನ್ನೂ ಉಗುರು ಸಮೇತ ಪರೀಕ್ಷಿಸುತ್ತಿದ್ದರು. ಆ ಒಂದು ಕೈ ಬಂದಾಗ ಮಾತ್ರ ಪಕ್ಕಕ್ಕೆ ಸರಿದು ಕೈಮುಗಿಯುತ್ತಿದ್ದರು. ನಾನೂ ಅಷ್ಟೇ. ಎಲ್ಲರ ಕೈಯ ಸ್ಯಾಂಪಲ್ಲು ತೆಗೆದಿದ್ದೆ, ಅವರದ್ದು ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಚೆನ್ನಾಗಿದ್ದ ಮಕ್ಕಳ ಮನೆಯವರನ್ನು ಮತ್ತೆ ಕರೆದು ಕೇಳಿದೆ. ಒಂದು ಮನೆಯಲ್ಲಿ ಬೀಗಿತ್ತಿಯರಿಬ್ಬರಿಗೆ ಜಗಳ, ಯಾರು ಹೋಗಿ ಕೇಳಬೇಕೆಂದು ತೀರ್ಮಾನವಾಗದೆ ಕೇಳಿರಲಿಲ್ಲ. ಇನ್ನೊಬ್ಬರಿಗೆ ಅಷ್ಟು ದೊಡ್ಡವರನ್ನು ಕೇಳಲು ಸಂಕೋಚ. ಮತ್ತೊಬ್ಬರು ಕೇಳಲು ಹೊರಟಾಗಲೆಲ್ಲ ರಾಹುಕಾಲ ಬಂದುಬಿಡುತ್ತಿತ್ತಂತೆ. ಜಗಳ, ಸಂಕೋಚ ಮತ್ತು ರಾಹುಕಾಲ ಸೇರಿ ಮಕ್ಕಳನ್ನು ಕಾಪಾಡಿದ್ದವು. ಇದನ್ನು ಯಾವ ಸಮ್ಮೇಳನದಲ್ಲಿ ಹೋಗಿ ಹೇಳಲಿ? ಆ ದಿನವೇ ಅಮ್ಮನಿಗೆ, "ನೋಡು, ದೊಡ್ಡ ಡಾಕ್ಟರ ಹತ್ರ ಮಗೂನ ಮುಟ್ಟಿಸ್ಬೇಡ, ಯಾರ್ ಹೇಳಿದ್ರೂ ಬೇಡ" ಎಂದು ಖಡಾಖಂಡಿತವಾಗಿ ಹೇಳಿದೆ. "ಸರಿ ಬಿಡಮ್ಮ" ಎಂದಳು ಚಟ್ನಿ ಡಬ್ಬಿ ಮುಚ್ಚುತ್ತಾ.

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹೇಗೋ ಮಾತು ತೆಗೆದೆ. ಅವರು ಸಿಟ್ಟಾಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. "ಅಮ್ಮಾ, ಬೇಸಿಗೇಲಿ ನೀರಿನ ಲಾರಿ ಯಾವ ಬೀದೀಲಿ ನಿಂತಿರುತ್ತೆ? ನಲ್ಲೀಲಿ ನೀರು ಬರದ ಬೀದೀಲಿ. ಲಾರಿ ಬಂದಿದ್ದಕ್ಕೇ ನಲ್ಲಿ ನಿಂತುಹೋಯ್ತು ಅಂತೀಯಾ? ಮಗುವಿಗೆ ಜಾಸ್ತಿಯಾದಾಗಲೇ ನನ್ನನ್ನು ಕರೆಯೋದು. ನಾನು ಮುಟ್ಟಿದ ಮಕ್ಕಳಲ್ಲಿ ಕಾಯಿಲೆ ಜಾಸ್ತಿ ಕಾಣಲೇಬೇಕಲ್ಲ."

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಮಾತು ಸರಿಯಾಗಿತ್ತು. ಲ್ಯಾಬಿಗೆ ಹಿಂತಿರುಗಿ ಮತ್ತೆ ಮೊದಲಿನಿಂದ ನೋಡಿದೆ. ಒಂದೇ ತೂಕದ, ಒಂದೇ ರೀತಿಯ ನಿತ್ರಾಣದ ಮಕ್ಕಳನ್ನಷ್ಟೇ ಹೋಲಿಸಿದೆ. ಮುಟ್ಟುವ ದಿನ ಯಾರಿಗೆ ಏನಿತ್ತು, ಮುಟ್ಟಿದ ಮೇಲೆ ಏನಾಯಿತು ಎಂದು ವಿಂಗಡಿಸಿದೆ. ಮುಟ್ಟುವ ಮೊದಲು ಯಾರಿಗೂ ಈ ಸೋಂಕಿನ ಲಕ್ಷಣವಿರಲಿಲ್ಲ. ಎಲ್ಲವೂ ಆಮೇಲೆ. ಮತ್ತೆ ಹೋದೆ. ಈ ಸಲ ಅವರು ನಗಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿದರು. "ತೆಗೆದುಕೋ ನಿನ್ನ ಸ್ಯಾಂಪಲ್ಲು. ಏನೂ ಇಲ್ಲವೆಂದರೆ ಕ್ಷಮೆ ಕೇಳಬೇಕು."

ಬೆರಳು, ಅಂಗೈ, ಉಗುರಿನ ಸಂದಿ ಎಲ್ಲ ಮುಗಿಸಿ, ಬಲಗೈಯ ಉಂಗುರಕ್ಕೆ ಬಂದೆ. ನವರತ್ನದ ದೊಡ್ಡ ಉಂಗುರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ತಾಯಿ ತೊಡಿಸಿದ್ದು. ಬೆರಳು ದಪ್ಪಗಾಗಿ, ಉಂಗುರ ಮಾಂಸದೊಳಗೆ ಹೂತು, ಎಷ್ಟೋ ವರ್ಷಗಳಿಂದ ಹೊರಗೆ ಬಂದೇ ಇರಲಿಲ್ಲ. ಕಲ್ಲುಗಳ ಬುಡದಲ್ಲಿ ಕಡ್ಡಿ ಆಡಿಸಿದಾಗ ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಇಬ್ಬರೂ ಅದನ್ನೇ ನೋಡಿದೆವು.

ಕೈಯಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಉಂಗುರದ ತಟ್ಟೆ ತೆರೆದಾಗ ಅದೇ ಗುಲಾಬಿ, ಅದೇ ಲೋಳೆ. ಅದೇ ಔಷಧಿಗಳನ್ನು ಅಣಕಿಸಿ, ಅದೇ ಒಂದೇ ಔಷಧಿಗೆ ಸಾಯುವಂಥದ್ದು. ನನಗೆ ಕುಣಿದಾಡುವಷ್ಟು ಸಂತೋಷವಾಯಿತೆಂದು ಹೇಳಿದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಆದರೂ ಆಯಿತು. ನಮ್ಮ ಮಗು ಬಚಾವ್ ಎಂದುಕೊಂಡೆ. ತಟ್ಟೆಯನ್ನು ದೊಡ್ಡ ಡಾಕ್ಟರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. "ಎಲ್ಲಾ ಮಕ್ಕಳದ್ದೂ ಇದೇನಾ?" ಎಂದರು. "ಹೌದು ಸಾರ್" ಎಂದೆ. ಆಗ ಅವರ ಮುಖ ನೋಡಲಾಗಲಿಲ್ಲ, ನನ್ನ ಸಂತೋಷವೆಲ್ಲ ಇಳಿದುಹೋಯಿತು.

ಉಂಗುರ ತೆಗೆಯುವ ಸಮಾರಂಭ ಅವರ ಕೋಣೆಯಲ್ಲೇ ನಡೆಯಿತು. ಸೋಪು ಹಚ್ಚಿದರು, ಬರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರು, ಬರಲಿಲ್ಲ. ಹೆಡ್ ನರ್ಸ್ ಬೆರಳಿಗೆ ದಾರ ಸುತ್ತಿ ಎಳೆದಾಗ ದೊಡ್ಡ ಡಾಕ್ಟರು ಕುರ್ಚಿ ಸಮೇತ ಮುಂದಕ್ಕೆ ಬಂದರು, ಉಂಗುರ ಇದ್ದಲ್ಲೇ ಇತ್ತು. ಆಡಳಿತಾಧಿಕಾರಿ ತಮ್ಮ ಜೋಯಿಸರಿಗೆ ಫೋನು ಹಚ್ಚಿ, ನವರತ್ನವನ್ನು ಈಗಲೇ ತೆಗೆದರೆ ಆಸ್ಪತ್ರೆಗೆ ಏನಾದರೂ ಆದೀತೇ ಎಂದು ಕೇಳಿದರು. ಊಟದ ನಂತರ ಅಡ್ಡಿಯಿಲ್ಲವೆಂದು ಅಪ್ಪಣೆಯಾಯಿತು. ಸರಿ, ಎಲ್ಲರೂ ಊಟ ಮಾಡಿದೆವು. ಆಮೇಲೆ ಟಿ. ನಗರದ ಒಡವೆ ಅಂಗಡಿಯಿಂದ ಆಚಾರಿಯೊಬ್ಬರು ಸಣ್ಣ ಗರಗಸ ಹಿಡಿದು ಬಂದರು. ಬಂದವರು ಕತ್ತರಿಸುವ ಬದಲು ಡಾಕ್ಟರ ಕೈಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡುಬಿಟ್ಟರು, ಸೊಸೆ ಬಸುರಿ, ಆಶೀರ್ವಾದ ಬೇಕಿತ್ತು ಎನ್ನುತ್ತಾ.

"ಅಯ್ಯೋ ಮುಟ್ಟಬೇಡಿ! ಹೋಗಿ ಮುಖ ತೊಳ್ಕೊಳ್ಳಿ!" ಎಂದು ನಾನು ಗಾಬರಿಯಲ್ಲಿ ಕನ್ನಡದಲ್ಲೇ ಕಿರುಚಿದೆ. ಆಚಾರಿ ಹೆದರಿ ಗರಗಸ ಕೆಳಗೆ ಹಾಕಿದರು. ಅದು ಆಡಳಿತಾಧಿಕಾರಿಯ ಪಾದದ ಮೇಲೆ ಬಿತ್ತು. ಕೊನೆಗೂ ಉಂಗುರ ಎರಡು ತುಂಡಾಯಿತು. ಅದು ಆಸ್ಪತ್ರೆಯ ದೇವರ ಕೋಣೆಗೆ ಹೋಗಬೇಕೆಂದು ಆಡಳಿತಾಧಿಕಾರಿ, ನನ್ನ ಲ್ಯಾಬಿಗೆ ಹೋಗಬೇಕೆಂದು ನಾನು. ಸ್ವಲ್ಪ ಹೊತ್ತು ಜಗಳವಾಗಿ, ನಾನು ಅದನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೇಬಿಟ್ಟೆ.

ಕಾರಿಡಾರಿನಲ್ಲಿ ಅಮ್ಮ ಟಿಫನ್ ಕ್ಯಾರಿಯರು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು, ಡಬ್ಬಿ ಅಲ್ಲಾಡಿಸಿ ತೋರಿಸಿ, ಎಲ್ಲ ಕಥೆ ಹೇಳಿದೆ. ಕಳ್ಳ ಸಿಕ್ಕಿಬಿದ್ದ, ಇನ್ನು ಚಿಂತೆಯಿಲ್ಲ. ಅಮ್ಮ ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು.

"ಏನಮ್ಮ?"

"ನಾನು ಮುಟ್ಟಿಸ್ಬಿಟ್ಟಿದ್ದೆ ಕಣೇ. ನೀನು ಬೇಡ ಅನ್ನೋಕ್ ಮುಂಚೇನೇ. ಮಗು ಬಂದ್ ಮಾರನೇ ದಿನಾನೇ. ಆ ಡಾಕ್ಟ್ರು ಪಾಪ, ಕೇಳಿದ ತಕ್ಷಣ ಬಂದ್ರು. ಬೈತೀಯ ಅಂತ ನಿಂಗೆ ಹೇಳ್ಲಿಲ್ಲ."

ನಾನು ಅಷ್ಟೂ ಮನೆಯವರನ್ನು ಕೂರಿಸಿ ಕೇಳಿದ್ದೆ. ನಮ್ಮ ಮನೆಯವರನ್ನು ಕೇಳಿರಲಿಲ್ಲ. ನಮ್ಮ ಮನೆಯದ್ದೆಲ್ಲ ನನಗೆ ಗೊತ್ತು ಎಂದುಕೊಂಡಿದ್ದೆ. ಅಮ್ಮನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದೆ. ಆಮೇಲೆ ಬಯ್ದರಾಯಿತೆಂದು ಎದ್ದು ಘಟಕಕ್ಕೆ ಓಡಿದೆ.

ಮಗು ಕೈಕಾಲು ಆಡಿಸುತ್ತಿರಲಿಲ್ಲ. ಬೆಳಿಗ್ಗೆ ನಳಿಗೆಯಲ್ಲಿ ಕೊಟ್ಟ ಹಾಲು ಹೊಟ್ಟೆಯಲ್ಲೇ ನಿಂತಿದೆ, ಈಗಷ್ಟೇ ಗಮನಿಸಿದೆವು ಎಂದರು ಕಿರಿಯ ಡಾಕ್ಟರು. ಅಂಗಾಲಿನ ಬಣ್ಣ ನೋಡಿದೆ. ಅಂಥ ಬಣ್ಣವನ್ನು ಆ ತಿಂಗಳಲ್ಲಿ ಸಾಕಷ್ಟು ಸಲ ನೋಡಿದ್ದೆ. ರಕ್ತ ತೆಗೆದರು; ನಾನೇ ಲ್ಯಾಬಿಗೆ ಒಯ್ದೆ. ಬೆಳೆಯುವವರೆಗೆ ಕಾಯಬೇಡಿ, ಈಗಲೇ ಆ ಒಂದು ಔಷಧಿ ಶುರು ಮಾಡಿ ಎಂದೆ. ಯಾವ ಔಷಧಿ ಎಂದು ನಮಗೆ ಗೊತ್ತಿದ್ದದ್ದು ಅದಕ್ಕೆ ಮೊದಲು ಕಾಯಿಲೆ ಬಿದ್ದ ಮಕ್ಕಳಿಂದ. ಆ ಮಕ್ಕಳಿಗಿಂತ ನಮ್ಮ ಮಗುವಿಗೆ ಸಿಕ್ಕ ಅನುಕೂಲ ಅದೊಂದೇ.

ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬೇರೆ ಮಕ್ಕಳ ಮನೆಯವರಿಗೆ, ಔಷಧಿ ಶುರುವಾಗಿದೆ, ಅದು ತನ್ನ ಕೆಲಸ ಮಾಡಲಿ, ತಾಳ್ಮೆಯಿಂದಿರಿ ಎಂದು ಎಷ್ಟು ಸಲ ಹೇಳಿದ್ದೆನೋ. ನನಗೆ ನಾನೇ ಹೇಳಿಕೊಂಡೆ, ಒಂದಕ್ಷರವೂ ಒಳಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಮಗು ಇನ್ನೂ ಮಂಕಾಗಿತ್ತು. ತಂಗಿ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಮ್ಮ ಹಣೆಗೆ ವಿಭೂತಿಯನ್ನೂ ಇಟ್ಟುಕೊಳ್ಳದೆ ಬಂದಿದ್ದಳು.

ದೊಡ್ಡ ಡಾಕ್ಟರು ಸುತ್ತು ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಕಿಟಕಿ ಪಕ್ಕದ ಪೆಟ್ಟಿಗೆಯ ಹತ್ತಿರ ನಿಂತು, ಒಳಗೆ ನೋಡಿ, ನನ್ನನ್ನು ನೋಡಿ, "ಅಮ್ಮಾ" ಎಂದಷ್ಟೇ ಅಂದರು.

"ಸಾರ್, ಒಂದ್ ಸಲ ಮುಟ್ಟಿ" ಎಂದೆ.

ಅದು ನನ್ನ ಬಾಯಿಂದಲೇ ಬಂತು. ಹೆಡ್ ನರ್ಸ್ ಕೈಯಲ್ಲಿದ್ದ ಟ್ರೇ ಹಾಗೇ ಹಿಡಿದು ನಿಂತುಬಿಟ್ಟರು. ದೊಡ್ಡ ಡಾಕ್ಟರು ಹೆದರಿದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು. "ನೀನು ಹೀಗೆ ಹೇಳಬಾರದು. ಬೇಡ. ಇದು ಬರೀ ಕೈ."

"ಗೊತ್ತು ಸಾರ್. ಮುಟ್ಟಿ ಸಾರ್."

ಅವರು ಸಿಂಕಿನ ಹತ್ತಿರ ಹೋದರು. ಬೆರಳ ಸಂದಿಯಿಂದ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿದರು, ತೊಳೆದರು, ಮತ್ತೆ ಉಜ್ಜಿದರು. ಹಿಂದೆ ನಿಂತಿದ್ದ ಕಿರಿಯ ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಪಿರಿಟ್ಟು ಹಚ್ಚಿ, ಅದು ಆರುವವರೆಗೆ ದೊಡ್ಡ ಡಾಕ್ಟರು ಕೈ ಎತ್ತಿ ಹಿಡಿದು ನಿಂತರು. ಆಮೇಲೆ ಕಿಂಡಿಯೊಳಗೆ ಕೈ ಹಾಕಿ ಎರಡು ಬೆರಳನ್ನು ಮಗುವಿನ ನೆತ್ತಿಯ ಮೇಲಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನಾನು ಕೈಮುಗಿದುಕೊಂಡು ನಿಂತಿದ್ದೆ. ಹಾಗೆ ಕೈಮುಗಿದಿದ್ದೇನೆಂದು ನನಗೆ ಗೊತ್ತಾದದ್ದು ಹೆಡ್ ನರ್ಸ್ ಬಂದು ನನ್ನ ಕೈಗಳನ್ನು ಬಿಡಿಸಿದಾಗ.

ಸಂಜೆಯ ಹೊತ್ತಿಗೆ ಹಾಲು ಹೊಟ್ಟೆಯಿಂದ ಕೆಳಗಿಳಿದಿತ್ತು. ಮಾರನೆಯ ದಿನ ಮಗು ಕಾಲು ಒದೆಯಿತು. ರಕ್ತದಲ್ಲಿ ಬೆಳೆದದ್ದು ಅದೇ ಗುಲಾಬಿ ಲೋಳೆ, ಅದನ್ನು ಕೊಂದದ್ದು ಹೊತ್ತಿಗೆ ಸರಿಯಾಗಿ ಬಿದ್ದ ಔಷಧಿ. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಸುದ್ದಿ ಹೇಳಲು ವಾರ್ಡಿಗೆ ಹೋದೆ. ತಂಗಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಅಮ್ಮನಿಗೆ ಹೆಡ್ ನರ್ಸ್ ಹೇಳಿ, ಅಮ್ಮ ಅವಳಿಗೆ ಹೇಳಿದ್ದಳು. ನಗುತ್ತಾಳೆ, ರೇಗಿಸುತ್ತಾಳೆ ಎಂದುಕೊಂಡೆ. ಊರಿಗೆಲ್ಲ ಬುದ್ಧಿ ಹೇಳಿ, ಉಂಗುರ ತೆಗೆಸಿದವಳು ನಾನೇ ತಾನೆ.

"ಅಕ್ಕ, ನೀನೇ ಕೇಳಿದ್ಯಂತೆ, ಮುಟ್ಟಿ ಅಂತ?"

"ಹೂಂ ಕಣೇ" ಎಂದೆ. "ಹೆದರಿಕೆ ಆಗೋಗಿತ್ತು."

ಅವಳು ಗೋಡೆಯ ಕಡೆಗೆ ಸರಿದು ಮಂಚದ ಮೇಲೆ ನನಗೂ ಜಾಗ ಮಾಡಿಕೊಟ್ಟಳು.